ಗೌರವಾರ್ಥವಾಗಿ ಉಜ್ಜಿ ತೊಳೆದ ಸಂಶೋಧನೆ

ಕುವೈತಿನ ಶುಐಬಾದಲ್ಲಿ ಸೂರ್ಯನಿಗಿಂತ ಮೊದಲೇ ಸೆಕೆ ಡ್ಯೂಟಿಗೆ ಬಂದಿರುತ್ತದೆ. ಚಿಮಣಿಗಳ ಆಚೆ ಆಕಾಶ ಈಗಷ್ಟೇ ಬೂದಿ ಬಣ್ಣ ಬಿಡುತ್ತಿದೆ. ಕಡಲ ನೀರನ್ನು ಕುಡಿಯುವ ನೀರಾಗಿಸುವ ಸ್ಥಾವರದ ಜೆಟ್ಟಿಯ ತುದಿಯಲ್ಲಿ, ಗಿಡ್ಡ ಕೂದಲಿನ ಮಹಿಳೆಯೊಬ್ಬರು ಬೋರಲು ಮಲಗಿ ಹಗ್ಗ ಎಳೆಯುತ್ತಿದ್ದಾರೆ. ಹಗ್ಗದ ತುದಿಯಲ್ಲಿ ಅಂಗೈ ಅಗಲದ ಉಕ್ಕಿನ ಪ್ಲೇಟು. ಅದನ್ನು ಮೂಸುತ್ತಾರೆ, ಬೆರಳಿನಿಂದ ಸವರುತ್ತಾರೆ. ಮದುವೆಗೆ ಉಡುಗೊರೆ ಬಂದ ತಟ್ಟೆಯಂತೆ ಅದು ಹೊಳೆಯುತ್ತಿದೆ.

"ಇನ್ನೂ ಏನೂ ಬಂದಿಲ್ಲ," ಎನ್ನುತ್ತಾರೆ ಡಾ. ಲಿಯಾಂಗ್ ಸುಯುನ್, ತುಂಡು ತುಂಡು ಇಂಗ್ಲಿಷಿನಲ್ಲಿ. "ಕೊಳೆಗೆ ಅವಸರ ಇರುವುದಿಲ್ಲ."

ಈ ಕೊಳೆಗೇ ಅವರಿಗೆ ಕಳೆದ ಚಳಿಗಾಲದಲ್ಲಿ ಮಹಿಳಾ ವಿಜ್ಞಾನಿಗಳ ಅಂತರರಾಷ್ಟ್ರೀಯ ಪ್ರಶಸ್ತಿ ಬಂದದ್ದು. ಕಡಲಿನಿಂದ ನೀರು ಎಳೆಯುವ ಪೈಪುಗಳಿಗೆ ಚಿಪ್ಪುಜೀವಿಗಳು ಕಲ್ಲಿನಂತೆ ಕಚ್ಚಿಕೊಳ್ಳುತ್ತವೆ. ಅವನ್ನು ಓಡಿಸಲು ಕ್ಲೋರಿನ್ ಸುರಿಯುತ್ತಾರೆ. ಒಂದು ಬಗೆಯ ಲೋಳೆ ಪೈಪಿನ ಮೇಲೆ ಮೊದಲು ಬೆಳೆದರೆ ಚಿಪ್ಪುಗಳು ಹತ್ತಿರ ಸುಳಿಯುವುದಿಲ್ಲ ಎಂದು ಡಾ. ಲಿಯಾಂಗ್ ಕಂಡುಕೊಂಡರು. ಅದು ಎರಡು ಬೇಸಿಗೆ ತಾಳಿದರೆ ಸ್ಥಾವರಗಳು ನಂಬುತ್ತವೆ. ಈ ಪ್ಲೇಟುಗಳ ಮೇಲೆ ಬೆಳೆಸಿದ ಲೋಳೆ ಒಂದು ಬೇಸಿಗೆ ತಾಳಿತ್ತು.

ಚೀನಾದ ವಿಜ್ಞಾನಿ ಹೆಂಗಸರಿಗೆ ಇಂಥ ಪ್ರಶಸ್ತಿ ಬಂದ ಸುದ್ದಿ ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಬರುತ್ತದೆ. ಹೆಸರು ನಾಲಗೆಗೆ ಕಷ್ಟವೆಂದು ನಾವು ಪುಟ ತಿರುಗಿಸುತ್ತೇವೆ. ಕುವೈತಿನಲ್ಲಿ ಅಷ್ಟು ಕಷ್ಟವೂ ಇಲ್ಲ. ಜಾಬ್ರಿಯಾದ ಕ್ಲಿನಿಕ್ಕಿನಲ್ಲಿ ಡಾ. ಲಿಯಾಂಗ್‌ರನ್ನು "ಸಿಸ್ಟರ್" ಎಂದು ಕರೆದು ಬಿಪಿ ನೋಡಲು ಹೇಳಿದ್ದಾರೆ. ಅವರ ಮನೆಯಿರುವ ರುಮೈಥಿಯಾದ ಅಂಗಡಿಯಲ್ಲಿ ಗಿರಾಕಿಯೊಬ್ಬ ಮೊಬೈಲು ಚಾಚಿ, "ಮೇಡಮ್, ಇದು ನಿಮ್ಮ ಊರಿನದ್ದು, ಬಾಳಿಕೆ ಬರ್ತದಾ?" ಎಂದು ವಿಚಾರಿಸಿದ್ದಾನೆ.

ಈ ಕಥೆಯನ್ನು ನಗುತ್ತ ಹೇಳುವವರು ಡಾ. ಲಿಯಾಂಗ್. ನಗದೆ ಕೇಳುವವರು ಅವರ ಲ್ಯಾಬ್ ಸಹಾಯಕಿ, ಉಚ್ಚಿಲದ ಸುಗಂಧಿ. ಸಂಸ್ಥೆಯ ಹೆಸರು ಬರೆಯಬೇಡಿ ಎಂದವರು ಸುಗಂಧಿ, ತಮ್ಮ ಹೆಸರು ಧಾರಾಳವಾಗಿ ಬರೆಯಿರಿ ಎಂದವರೂ ಅವರೇ. "ಪ್ರಶಸ್ತಿ ಬಂದದ್ದು ಯಾರಿಗೆ ಅಂತ ಗೇಟಿನ ಆ ಬ್ಯಾನರ್ ನೋಡಿ ಹೇಳಿ ಮಾರಾಯ್ರೆ ನೀವು! ಡೈರೆಕ್ಟರ್ ಉಂಟು, ಅವರ ಕೋಟು ಉಂಟು. ಮೇಡಮ್ ಎಲ್ಲಿ? ಹೂಗುಚ್ಛದ ಹಿಂದೆ ಎರಡು ಕಣ್ಣು ಕಾಣ್ತದಲ್ಲ, ಅದು!"

ಬ್ಯಾನರಿನಿಂದ ಯಾರ ಪ್ರಯೋಗವೂ ಹಾಳಾಗುವುದಿಲ್ಲ. ಹಾಳಾದದ್ದು ಅಭಿನಂದನಾ ಸಮಾರಂಭದಿಂದ. ಗಣ್ಯರು ಜೆಟ್ಟಿಗೂ ಭೇಟಿ ಕೊಡುವವರಿದ್ದರು. ಆಡಳಿತ ವಿಭಾಗದ ಮುಖ್ಯಸ್ಥ ಅನಂತರಾಮು, ನಮ್ಮವರೇ, ಮೈಸೂರಿನವರು, ಹಿಂದಿನ ದಿನ ಒಂದು ಸುತ್ತು ಹಾಕಿದರು. ನೀರಿನಿಂದ ಎತ್ತಿ ನೋಡಿದ ಲೋಳೆ ಕಟ್ಟಿದ ಪ್ಲೇಟುಗಳು ಅವರ ಸೌಂದರ್ಯಪ್ರಜ್ಞೆಗೆ ನೋವುಂಟುಮಾಡಿದವು. ಸ್ವಚ್ಛತಾ ತಂಡದ, ತುಳುನಾಡಿನ ಮೋನಪ್ಪನವರಿಗೆ ಆದೇಶವಾಯಿತು. ಆ ಹೊತ್ತಿಗೆ ಡಾ. ಲಿಯಾಂಗ್ ಮತ್ತು ಸುಗಂಧಿ ಸಮಾರಂಭದ ರಿಹರ್ಸಲಿನಲ್ಲಿ ಹೂಗುಚ್ಛ ಹಿಡಿಯುವುದು ಹೇಗೆಂದು ಕಲಿಯುತ್ತಿದ್ದರು.

"ಪಾಚಿ ಕಂಡ್ರೆ ಉಜ್ಜೂದು ನಮ್ಮ ಕೆಲ್ಸ," ಎನ್ನುತ್ತಾರೆ ಮೋನಪ್ಪ. "ಮೇಡಮಿನ ಫಂಕ್ಷನ್ ಅಂತ ಸ್ವಲ್ಪ ಜಾಸ್ತಿಯೇ ಉಜ್ಜಿದೆ. ಬ್ಲೀಚು, ತಂತಿ ಬ್ರಷ್ಷು, ಎಲ್ಲ. ಯಾವ ಕೊಕ್ಕೆಯದ್ದು ಆ ಕೊಕ್ಕೆಗೇ ವಾಪಸ್ ಸಿಕ್ಕಿಸಿದೆ ನೋಡಿ, ಒಂದೂ ಅದಲುಬದಲು ಇಲ್ಲ."

ಮರುದಿನ ಗಣ್ಯರೆದುರು ಡಾ. ಲಿಯಾಂಗ್ ಹಗ್ಗ ಎಳೆದರು. ಪ್ಲೇಟು ಫಳಫಳ ಹೊಳೆಯಿತು. ಗಣ್ಯರು ಚಪ್ಪಾಳೆ ತಟ್ಟಿದರು.

ಆಮೇಲೆ ಡಾ. ಲಿಯಾಂಗ್ ಮೋನಪ್ಪನವರ ಎದುರು ಹೋಗಿ ನಿಂತರಂತೆ. ಸುಗಂಧಿಯಿಂದ ಕಲಿತ ತುಳು ಅವರಿಗೆ ಎರಡೋ ಮೂರೋ ಮಾತು. ಅದರಲ್ಲಿ ಒಂದನ್ನು ಕೇಳಿದರು: "ದಾಯೆಗ್?" ಯಾಕೆ, ಎಂದು.

"ಬೈದಿದ್ರೆ ಬೈಸಿಕೊಳ್ತಿದ್ದೆ," ಎನ್ನುತ್ತಾರೆ ಮೋನಪ್ಪ.

ಅನಂತರಾಮು ಅವರನ್ನೂ ಕೇಳಿದ್ದಾಯಿತು. ಅವರಿಗೆ ಪಶ್ಚಾತ್ತಾಪದ ಪುರಸೊತ್ತಿಲ್ಲ. "ಅಲ್ಲಾ ರೀ, ಪ್ರಶಸ್ತಿ ಬಂತಲ್ಲ? ಕೆಲಸ ಖಲಾಸ್ ತಾನೆ? ಬಂದವರ ಮುಂದೆ ಅಸಹ್ಯವಾಗಿ ಕಾಣಬಾರದು ನೋಡಿ." ಎರಡು ಬೇಸಿಗೆಯ ಲೆಕ್ಕ ಈಗ ಮತ್ತೆ ಮೊದಲಿನಿಂದ, ಆದರೆ ಮುಂದಿನ ಬೇಸಿಗೆಗೆ ಡಾ. ಲಿಯಾಂಗ್ ಅವರ ಗುತ್ತಿಗೆ ಮುಗಿಯುತ್ತದೆ. ಇನ್ನೊಂದು ವರ್ಷ ಕೊಡಿ ಎಂದು ಕೇಳಿದ್ದಾರೆ. ಉತ್ತರ ಬಂದಿಲ್ಲ. ಬ್ಯಾನರು ಮಾತ್ರ ಗೇಟಿನಲ್ಲಿ ಈಗಲೂ ಇದೆ, ಅದರ ಮೇಲೆ ಕೂತ ಧೂಳನ್ನು ಒರೆಸಲು ಪ್ರತಿ ವಾರ ಆದೇಶವಾಗುತ್ತದೆ.

ಡಾ. ಲಿಯಾಂಗ್ ಹುಟ್ಟಿದ್ದು ಚೀನಾದ ಕರಾವಳಿಯ ಮೀನುಗಾರರ ಪೇಟೆಯಲ್ಲಿ. ತಾಯಿಗೆ ದೋಣಿಗಳ ತಳಕ್ಕೆ ಕಚ್ಚಿದ ಚಿಪ್ಪು ಕೆರೆಯುವ ಕೆಲಸ. ಬೆರಳುಗಳ ತುಂಬ ಗಾಯ. ಇವು ಯಾಕೆ ಕಚ್ಚುತ್ತವೆ ಎಂದು ಮಗಳು ಕೇಳಿದಳು, ಕೇಳುತ್ತಲೇ ವಿಜ್ಞಾನಿಯಾದಳು. ಪ್ಲೇಟು ಉಜ್ಜಿದ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ಮುದುಕಿ, "ಚೆನ್ನಾಗಿ ಕೆರೆದಿದ್ದಾರಾ?" ಎಂದು ಕೇಳಿದಳಂತೆ. ಡಾ. ಲಿಯಾಂಗ್ ಇದನ್ನು ಹೇಳಿ ನಕ್ಕರು. ನಕ್ಕು ಮುಂದಿನ ಪ್ಲೇಟಿನ ಹಗ್ಗಕ್ಕೆ ಕೈ ಹಾಕಿದರು.

ಬಿಸಿಲು ಏರಿದೆ. ಕೊನೆಯ ಪ್ಲೇಟು ನೀರಿಗಿಳಿದಿದೆ. ಜೆಟ್ಟಿಯ ಬಾಗಿಲಲ್ಲಿ ಮೋನಪ್ಪ ಕುರ್ಚಿ ಹಾಕಿ ಕೂತಿದ್ದಾರೆ. ಬಕೆಟ್ಟು ಹಿಡಿದು ಬಂದ ತಮ್ಮದೇ ತಂಡದವನಿಗೆ, "ಭಾಯಿ, ಇಧರ್ ನಹೀ, ಚಲೋ!" ಎನ್ನುತ್ತಾರೆ.

"ನೋಡಿ, ಕ್ಲೀನ್ ಮಾಡುವವರೇ ಕೊಳೆಗೆ ಕಾವಲು," ಎನ್ನುತ್ತಾರೆ ಸುಗಂಧಿ. "ಮೇಡಮನ್ನು ಕಳಿಸಿದ್ರೂ ನಾನೂ ಮೋನಪ್ಪಣ್ಣನೂ ಇದನ್ನು ಬಿಡೂದಿಲ್ಲ."

ಡಾ. ಲಿಯಾಂಗ್ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ನೀರನ್ನೇ ನೋಡುತ್ತ ಹೇಳುತ್ತಾರೆ:

"ಒಂದೇ. ಎರಡು ಬೇಸಿಗೆ ಮುಗಿಯುವವರೆಗೆ ಯಾರೂ ನನಗೆ ಸನ್ಮಾನ ಮಾಡಬಾರದು."