ಹುಲಿಯ ಹೊಟ್ಟೆ ನಕ್ಕಾಗ

ಗುರುವಾಯನಕೆರೆಯಲ್ಲಿ ಹೋಟೆಲು ನಡೆಸುವ ಕಮಲಾಕ್ಷಣ್ಣ ವರ್ಷವಿಡೀ ಕಾವಲಿಯ ಮೇಲೆ ದೋಸೆ ಎರೆಯುತ್ತಾರೆ. ಅಷ್ಟಮಿ ಬಂದರೆ ಮನುಷ್ಯರ ಮೇಲೆ ಹುಲಿ ಬರೆಯುತ್ತಾರೆ. ಹುಲಿವೇಷ ಕುಣಿಯುವವರ ಮೈಗೆ ಹಳದಿ ಬಳಿದು ಕಪ್ಪು ಪಟ್ಟೆ ಎಳೆಯುವ ಈ ವಿದ್ಯೆಗೆ ಅವರಿಗೆ ಗುರುವಿರಲಿಲ್ಲ. ಊರಿನ ಹೆಸರಲ್ಲಿದ್ದ ಗುರುವೇ ಸಾಕಾಗಿತ್ತು.

ತೊಂದರೆ ಶುರುವಾದದ್ದು ಮೂಡಬಿದಿರೆಯ ಸ್ಪರ್ಧೆಯಲ್ಲಿ ಅವರ ಹುಲಿಗೆ ಮೊದಲ ಬಹುಮಾನ ಬಂದ ಮೇಲೆ. ಬಹುಮಾನದ ಬೆನ್ನಿಗೇ ಅನುಮಾನ ಬಂತು. ಆ ಹುಲಿಯ ಫೋಟೋಕ್ಕೆ ಫ್ರೇಮು ಹಾಕಿಸಿ ಹೋಟೆಲಿನ ಗೋಡೆಗೆ ತೂಗಿಸಿದರು. ಮುಂದಿನ ವರ್ಷದಿಂದ ಪ್ರತಿ ಪಟ್ಟೆಯೂ ಆ ಫೋಟೋದ ಹಾಗೇ ಬರಬೇಕೆಂಬ ಹಟ. ಕೈ ಬಿಗಿಯಿತು. ಹುಲಿಗಳು ಜೀಬ್ರಾ ಕ್ರಾಸಿಂಗಿನ ಹಾಗೆ ಕಾಣತೊಡಗಿದವು. ಕೊನೆಗೆ ಈ ವರ್ಷ, ಬಂಟ್ವಾಳದ ಗ್ಯಾರೇಜಿನಲ್ಲಿ ಕಾರುಗಳಿಗೆ ಸ್ಪ್ರೇ ಹೊಡೆಯುವ ಉಸ್ಮಾನ್‌ಗೆ, ಹುಲಿಗಳಿಗೂ ಮೆಷಿನ್ನಿನಲ್ಲೇ ಬಣ್ಣ ಹೊಡೆಯಲು ಬರಹೇಳಿದರು. ತಾನು ಒಂದೇ ಒಂದು ಹುಲಿ ಬರೆದು ನೋಡುವುದು. ಅದಕ್ಕೂ ಜೀವ ಬಾರದಿದ್ದರೆ ಬ್ರಶ್ಶು ತೊಳೆದಿಟ್ಟು, ಇನ್ನು ಜನ್ಮದಲ್ಲಿ ಹುಲಿ ಮುಟ್ಟುವುದಿಲ್ಲ ಎಂದು ಹೆಂಡತಿ ಸ್ವರ್ಣಲತಾರ ಹತ್ತಿರ ಹೇಳಿಯೂ ಆಯಿತು.

ಆ ಒಂದು ಹುಲಿ, ಬಸ್ ಡ್ರೈವರ್ ದಯಾನಂದ. ಬಳಿದ ಬಣ್ಣ ಒಣಗುವ ತನಕ ಹುಲಿ ಕೂರುವ ಹಾಗಿಲ್ಲ. ಕೈ ಚಾಚಿ, ಎರಡು ಕೋಲು ಹಿಡಿದು ನಿಂತೇ ಇರಬೇಕು. ಹೋಟೆಲಿನ ಹಿಂದಿನ ಶೆಡ್ಡಿನಲ್ಲಿ ಬೆಳಗ್ಗಿನಿಂದ ಹಾಗೆ ನಿಂತವನ ದೊಡ್ಡ ಹೊಟ್ಟೆಯ ಮೇಲೆ ಹುಲಿಮುಖ ಬರೆಯಬೇಕಿತ್ತು. ಅದರ ಬಾಯಿಯ ಗೆರೆಯನ್ನು ಕಮಲಾಕ್ಷಣ್ಣ ಎಳೆಯುವುದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವುದು, ಮತ್ತೆ ಎಳೆಯುವುದು. ದಯಾನಂದನ ಚರ್ಮ ಉರಿಯುತ್ತಿತ್ತು.

ಸ್ವರ್ಣಲತಾ ಚಾ ತಂದರು. ಹುಲಿಯ ಕೈಗೆ ಬಿಡುವಿಲ್ಲ, ಸ್ಟ್ರಾ ಹಾಕಿ ಅವರೇ ಕುಡಿಸಬೇಕು. ಕುಡಿಸುತ್ತಾ, ನಾಳೆ ಇದೇ ಮೈಯಲ್ಲಿ ಬಸ್ಸು ಬಿಟ್ಟರೆ ಸೀಟಿಗೆ ಜಗಳವೇ ಇರಲಿಕ್ಕಿಲ್ಲ ಎಂದರು. ದಯಾನಂದನಿಗೆ ನಗು ತಡೆಯಲಿಲ್ಲ. ಹೊಟ್ಟೆ ಕುಲುಕಿ, ಗೆರೆ ಹೊಕ್ಕುಳ ದಾಟಿ ಸೊಂಟದ ಕಡೆ ಓಡಿತು. ಕಮಲಾಕ್ಷಣ್ಣ ಬಟ್ಟೆ ಎತ್ತಿಕೊಂಡರು.

“ಇನ್ನು ಒರೆಸಬೇಡಿ ಮಾರಾಯ್ರೆ. ಹುಲಿ ನಿಮ್ಮದು, ಚರ್ಮ ನನ್ನದು.”

ಹೇಳುವಾಗ ಹೊಟ್ಟೆ ಏರಿಳಿಯಿತು. ಅದರೊಡನೆ ಆ ಗೆರೆಯೂ ಏರಿಳಿಯಿತು. ಹುಲಿ ತುಟಿ ಸೊಟ್ಟ ಮಾಡಿದ ಹಾಗೆ. ಕಮಲಾಕ್ಷಣ್ಣ ಬಟ್ಟೆ ಕೆಳಗಿಟ್ಟರು.

“ದಯಾ, ಒಮ್ಮೆ ಹೊಟ್ಟೆ ಒಳಗೆ ಎಳಿ ನೋಡುವ. ಹಾಂ, ಈಗ ಬಿಡು.”

ಎಳೆದಾಗ ಬಾಯಿ ಮುಚ್ಚಿತು, ಬಿಟ್ಟಾಗ ತೆರೆಯಿತು. ಆಮೇಲೆ ಅದೊಂದು ಆಟವೇ ಆಯಿತು. ಉಸಿರು ಹೋದಲ್ಲಿಗೆ ಬ್ರಶ್ಶು ಹೋಯಿತು. ಹೊಕ್ಕುಳು ಗಂಟಲಾಯಿತು, ಯಾವಾಗಲೋ ಆಪರೇಷನ್ ಆದ ಗುರುತು ಮೀಸೆಯಾಯಿತು. ಇನ್ನೊಂದು ತಮಾಷೆ ಹೇಳು ಎಂದು ಹೆಂಡತಿಯನ್ನು ಅವರೇ ಕೇಳಿದರು. ತನ್ನ ಚಾ ಆರಿದ್ದು ತಿಳಿಯಲಿಲ್ಲ. ಗೋಡೆಯ ಫೋಟೋ ನೆನಪಾಗಲೂ ಇಲ್ಲ.

ಹುಲಿ ಕುಣಿಸುವ ತಾಸೆ ವಾದ್ಯದವರು ಬಂದು ಪೆಟ್ಟು ಕೊಟ್ಟು ನೋಡಿದರು. ದಯಾನಂದ ಎರಡು ಹೆಜ್ಜೆ ಹಾಕಿದ್ದೇ ಹೊಟ್ಟೆಯ ಹುಲಿ ಬಾಯಿ ತೆರೆಯಿತು. ಸ್ವರ್ಣಲತಾ ಲೋಟ ಹಿಡಿದುಕೊಂಡೇ ಹಿಂದೆ ಸರಿದರು.

ಅಷ್ಟರಲ್ಲಿ, ಮೆಷಿನ್ ಹಿಡಿದು ಹೊರಟಿದ್ದ ಉಸ್ಮಾನ್‌ನ ಫೋನು, ದಾರಿಯ ಪುಂಜಾಲಕಟ್ಟೆಯಿಂದ. ಕಮಲಾಕ್ಷಣ್ಣ ಆಗಲೇ ಮುಂದಿನ ಹುಲಿಯ ಬೆನ್ನಿನಲ್ಲಿದ್ದರು. ಹೆಂಡತಿ ಫೋನನ್ನು ಅವರ ಕಿವಿಗೆ ಹಿಡಿದರು.

“ನೀವು ಬನ್ನಿ ಉಸ್ಮಾನ್, ಚಾ ಕುಡಿಯುವ. ಮೆಷಿನ್ ಬೇಡ.”

ಆ ಕಡೆಯಿಂದ ಉದ್ದದ ಉಸಿರು ಕೇಳಿತು.

“ಬದುಕಿಕೊಂಡೆ ಕಮಲಾಕ್ಷಣ್ಣ. ಉಸಿರಾಡುವ ಗಾಡಿಗೆ ನಾನು ಇಷ್ಟರವರೆಗೆ ಪೇಂಟ್ ಹೊಡೆದದ್ದಿಲ್ಲ.”