ಕೆಂಪು ಮಡಕೆಯ ಮೇಲೆ ಅತ್ತೆಯ ಮುಖ

ತೊಂಬತ್ತರ ದಶಕದ ನಡುವಿನ ಮಾತು. ಚಿತ್ರಕಲೆ ಕಲಿಯಲು ಅಕ್ಕಿಹೆಬ್ಬಾಳಿನಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದೆ. ಕೊನೆಯ ವರ್ಷ ಲೈಬ್ರರಿಯಲ್ಲಿ ಪ್ರಾಚೀನ ಗ್ರೀಸಿನ ಮಡಕೆಗಳ ಪುಸ್ತಕವೊಂದು ಕೈಗೆ ಸಿಕ್ಕಿತು. ಮಡಕೆಗೆಲ್ಲ ಕಪ್ಪು ಬಳಿದು, ಹೆಣ್ಣಿನ ಮುಖದಷ್ಟು ಜಾಗವನ್ನು ಮಾತ್ರ ಮಣ್ಣಿನ ಕೆಂಪಿನಲ್ಲೇ ಬಿಟ್ಟಿದ್ದರು. ಪಕ್ಕಕ್ಕೆ ತಿರುಗಿದ ಮುಖ, ಕೂದಲನ್ನು ಒಳಗೆ ಸೇರಿಸಿ ಕಟ್ಟಿದ ಬಟ್ಟೆ, ಕಿವಿಯಲ್ಲಿ ಓಲೆ. ಕೆಲವರು ದೇವತೆಯರಿರಬಹುದು, ಹಲವರು ಯಾರೆಂದೇ ತಿಳಿಯದು ಎಂದು ಕೆಳಗೆ ಬರೆದಿತ್ತು.

ನಾಟಿಗೆ ಹೊರಟಾಗ ನನ್ನ ಸೋದರತ್ತೆ ತಲೆಗೆ ಬಟ್ಟೆ ಕಟ್ಟುತ್ತಿದ್ದುದೂ ಹಾಗೆಯೇ. ಕೊನೆಯ ಪರೀಕ್ಷೆಗೆ ನಾವೇ ಮಾಡಿ ಒಯ್ಯಬೇಕಿದ್ದ ಕೆಲಸಕ್ಕೆ ಅವಳನ್ನೇ ಬರೆಯುವುದೆಂದು ಅವತ್ತೇ ನಿಶ್ಚಯಿಸಿದೆ.

ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಮ್ಮ ಗದ್ದೆ, ಹಸು ಎಲ್ಲ ಅವಳ ಕೈಯಲ್ಲೇ ಇದ್ದವು. ವಿಷಯ ಹೇಳಿದಾಗ ನಕ್ಕಳು.

"ನನ್ ಮೊಕ ಏನ್ ಬರೀತೀಯವ್ವ, ಯಾವ್ದಾರ ದೇವ್ರುದ್ ಬರ್ಕೊ ಓಗು."

"ದೇವ್ರುನ್ನ ಎಲ್ರೂ ಬರೀತಾರೆ ಕಣತ್ತೆ. ನೀನ್ ಕೂತ್ಕೊ," ಅಂದೆ.

ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಳು. ಅಪ್ಪನಿಗೆ ಇದು ಸರಿಬರಲಿಲ್ಲ. ಪರೀಕ್ಷೆಗೆ ಲಕ್ಷ್ಮಿಯನ್ನೋ ಸರಸ್ವತಿಯನ್ನೋ ಬರೆಯಬೇಕು, ಗಂಡ ಸತ್ತವಳನ್ನಲ್ಲ ಎಂದು ಗೊಣಗಿದರು. ನಾನು ವಾದಿಸಲಿಲ್ಲ, ನಿಲ್ಲಿಸಲೂ ಇಲ್ಲ.

ಕೆ.ಆರ್. ಪೇಟೆಯ ಸಂತೆಯಿಂದ ಮಡಕೆಗಳನ್ನು ತಂದೆ. ಕಪ್ಪಿಗೆ ಶಾಲೆಯ ಬೋರ್ಡಿಗೆ ಬಳಿಯುವ ಪೇಂಟು. ಮೊದಲನೆಯದರಲ್ಲಿ ಬಣ್ಣ ಸುರಿದು ಮೂಗೇ ಮುಚ್ಚಿಹೋಯಿತು. ಇನ್ನೊಂದರಲ್ಲಿ ಗಲ್ಲ ನನ್ನದಾಗಿತ್ತು, ಅತ್ತೆಯದಲ್ಲ. ಅದನ್ನೂ ಬದಿಗಿಟ್ಟೆ. ಮೂರನೆಯದಕ್ಕೆ ಮೊದಲು ಸಣ್ಣ ಬ್ರಷ್ಷಿನಲ್ಲಿ ಮುಖದ ಸುತ್ತ ಗೆರೆ ಎಳೆದು, ಅದು ಒಣಗಿದ ಮೇಲೆ ಹೊರಗಿನ ಕಪ್ಪು ತುಂಬಿದೆ. ಅತ್ತೆ ಕೆಂಪಗೆ ಎದ್ದು ಬಂದಳು.

ಹಳೆ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡೇ ಮೈಸೂರಿಗೆ ಒಯ್ದೆ. ಪರೀಕ್ಷಕರು ಇದು ಯಾವ ದೇವತೆ ಎಂದು ಕೇಳಿದರು.

"ದೇವತೆ ಅಲ್ಲ ಸರ್, ನಮ್ಮತ್ತೆ."

ಹಾಗಾದರೆ ಹಣೆ ಯಾಕೆ ಬರಿದಾಗಿದೆ, ಒಂದು ಬೊಟ್ಟಿಟ್ಟರೆ ಲಕ್ಷಣವಾಗಿರುತ್ತಿತ್ತು ಎಂದರು. ಅಲ್ಲಿ ಇಲ್ಲಿ ತಿದ್ದಲೆಂದು ತಂದಿದ್ದ ಬ್ರಷ್ಷು ಕೈಯಲ್ಲೇ ಇತ್ತು. "ಅವರು ಇಟ್ಕೊಳಲ್ಲ ಸರ್. ನಾನೂ ಇಡಲ್ಲ," ಅಂದೆ. ಅವರು ಏನೋ ಗುರುತು ಹಾಕಿಕೊಂಡು ಮುಂದಿನವರ ಕಡೆ ಹೋದರು. ಪಾಸಾದೆ, ಫಸ್ಟ್ ಕ್ಲಾಸು ಬರಲಿಲ್ಲ.

ಮಡಕೆ ಮನೆಗೆ ಬಂದ ದಿನ ಅತ್ತೆ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಮೂಗು ನಮ್ಮಪ್ಪುಂದೇ ಕಣವ್ವ," ಅಂದಳು. ಆಮೇಲೆ ಅಡುಗೆಮನೆಯ ಹಲಗೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಅಪ್ಪ ತೆಗಿ ಎನ್ನಲಿಲ್ಲ.

ಮುಂದಿನ ಸಂತೆಯಲ್ಲಿ ಇನ್ನೆರಡು ಮಡಕೆ ಕೊಂಡೆ. ಈ ಸಲ ನನ್ನ ಅವ್ವನ ಮುಖ ಬರೆಯೋಣವೆಂದರೆ, ಅವಳನ್ನು ಒಂದು ಕಡೆ ಕೂರಿಸುವುದು ಅತ್ತೆಯನ್ನು ಕೂರಿಸಿದ್ದಕ್ಕಿಂತ ಕಷ್ಟವಾಯಿತು.