ಹಬ್ಬದ ಬಣ್ಣ, ಜೀಪಿನ ನಡುಕ

ಹೊನ್ನಾಳಿಯ ಶೆಡ್ಡಿನಿಂದ ನನ್ನನ್ನು ಬಿಡಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಕೆಲಸ ಕೊಟ್ಟವನು ಕೆಲಸ ಬಿಡಿಸಲೂಬಹುದು. ಆದರೆ ಬಿಡಿಸುವಾಗ ನನ್ನ ಮೇಸ್ತ್ರಿ ಆಡಿದ ಮಾತು ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತದೆ. ರಿಪೇರಿಗೆ ಬಂದಿದ್ದ ಲಾರಿಯವರು, ಟ್ರ್ಯಾಕ್ಟರಿನವರು ಎಲ್ಲರೂ ನಿಂತಿದ್ದರು. ಅವರೆದುರು ಅವನು ಗಟ್ಟಿಯಾಗಿ, "ಇವನ ಕೈಯಾಗೆ ಗುಣ ಇಲ್ಲರೀ. ಇವ ಮುಟ್ಟಿದ ಗಾಡಿ ನೆಟ್ಟಗಾಗಲ್ಲ," ಅಂದ.

ನಮ್ಮ ಕಡೆ ನಾಟಿ ವೈದ್ಯನಿಗೆ ಕೈಗುಣ ನೋಡುತ್ತಾರೆ, ಸೂಲಗಿತ್ತಿಗೆ ನೋಡುತ್ತಾರೆ, ಬೀಜ ಬಿತ್ತುವವನಿಗೂ ನೋಡುತ್ತಾರೆ. ಮೆಕ್ಯಾನಿಕ್ಕನ್ನೂ ಬಿಡುವುದಿಲ್ಲ. ಕೆಲಸ ಬರಲ್ಲ ಅಂದರೆ ಹಲ್ಲು ಕಚ್ಚಿ ಕಲಿಯಬಹುದು. ಕೈಗುಣ ಇಲ್ಲ ಅಂದರೆ ಏನು ಮಾಡುವುದು? ಬೇರೆ ಕೈ ಎಲ್ಲಿಂದ ತರುವುದು?

ನಾನು ಉಬ್ರಾಣಿಯವನು. ಓದು ತಲೆಗೆ ಹತ್ತಲಿಲ್ಲ ಅಂತ ಅಲ್ಲ, ಮನೆಯಲ್ಲಿ ದುಡಿಯುವ ಕೈ ಬೇಕಿತ್ತು, ಸಾಲೆ ಬಿಟ್ಟೆ. ಹೊನ್ನಾಳಿಗೆ ಬಂದು ಆ ಮೇಸ್ತ್ರಿಯ ಶೆಡ್ಡು ಸೇರಿದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಶೆಡ್ಡಿನ ಅರ್ಧ ಕೆಲಸ ನನ್ನ ಮೇಲೇ ಇತ್ತು. ಮೇಸ್ತ್ರಿ ಕುರ್ಚಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು ಹೇಳುತ್ತಿದ್ದ, ನಾನು ಗಾಡಿಯ ಕೆಳಗೆ ಮಲಗಿ ಮಾಡುತ್ತಿದ್ದೆ. ಒಂದೇ ಒಂದು ಕೆಲಸವನ್ನು ಮಾತ್ರ ಅವನು ಯಾರಿಗೂ ಬಿಡುತ್ತಿರಲಿಲ್ಲ. ಆಯುಧಪೂಜೆಗೆ ಮುಂಚೆ ಗಿರಾಕಿಗಳ ಗಾಡಿಗೆ ಬಣ್ಣ ಬಳಿಯುವುದು. ಮೇಲಿನ ಬಾಡಿಗಷ್ಟೇ ಅಲ್ಲ, ಅಡಿಯಲ್ಲಿ ಮಲಗಿ ಚಾಸಿಗೆ, ಶಾಫ್ಟಿಗೆ, ಹಿಂದಿನ ಅಚ್ಚಿನ ಹೌಸಿಂಗಿಗೆಲ್ಲ ಬೆಳ್ಳಿ ಬಣ್ಣ ಬಳಿಯುತ್ತಿದ್ದ. "ದೇವ್ರು ಮೇಲಿಂದಷ್ಟೇ ನೋಡ್ತಾನೇನು?" ಅನ್ನುತ್ತಿದ್ದ. ಬ್ರಷ್ಷಿಗೆ ಬೇರೆಯವರು ಕೈ ಹಾಕುವಂತಿರಲಿಲ್ಲ.

ನ್ಯಾಮತಿಯ ಅಡಿಕೆ ಸಾಹುಕಾರರೊಬ್ಬರ ಜೀಪು ನಮ್ಮ ಶೆಡ್ಡಿಗೇ ಬರುತ್ತಿತ್ತು. ಡೀಸೆಲ್ ಇಂಜಿನ್ನು, ನಾಲ್ಕೂ ಚಕ್ರಕ್ಕೆ ಎಳೆತ. ಕೆಸರಿನಲ್ಲಿ ಹೂತರೆ ಫ್ರಂಟ್ ಗೇರ್ ಹಾಕಿ ಎಮ್ಮೆಯ ಹಾಗೆ ಎದ್ದು ಬರುತ್ತಿತ್ತು. ಇಂಥ ಗಾಡಿಗೆ ನಡುವಿನ ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಕ್ಕೊಂದು, ಮುಂದಿನ ಚಕ್ರಕ್ಕೊಂದು ಉದ್ದನೆಯ ಕೊಳವೆ ಶಾಫ್ಟು ಇರುತ್ತದೆ. ಶಾಫ್ಟಿನ ಎರಡೂ ತುದಿಗೆ ಕ್ರಾಸ್ ಅನ್ನುವ ಕೀಲು. ಆ ವರ್ಷ ಹಬ್ಬ ಹತ್ತಿರವಿದ್ದಾಗ ಹಿಂದಿನ ಶಾಫ್ಟಿನ ಕ್ರಾಸ್ ಸವೆದಿತ್ತು. ನಾನು ಹೊಸದು ಹಾಕಿದೆ. ಓಡಿಸಿ ನೋಡಿದೆ, ಬೆಣ್ಣೆಯ ಹಾಗೆ ಹೋಯಿತು. ಮೇಸ್ತ್ರಿ ಬಣ್ಣ ಬಳಿದ, ಪೂಜೆಯಾಯಿತು, ಜೀಪು ಹೂವು ಮುಡಿದುಕೊಂಡು ನ್ಯಾಮತಿಗೆ ಹೋಯಿತು.

ಹಬ್ಬ ಮುಗಿಸಿ ಸಾಹುಕಾರರು ಹೆಂಡತಿಯನ್ನು ಕೂರಿಸಿಕೊಂಡು ಜಗಳೂರಿಗೆ, ಮಗಳ ಮನೆಗೆ ಹೊರಟರು. ಆಗ ನಮ್ಮ ಕಡೆಯ ಗುಂಡಿ ರಸ್ತೆಯಲ್ಲಿ ಜೋರಾಗಿ ಹೋಗುವ ಮಾತೇ ಇರಲಿಲ್ಲ. ಜಗಳೂರಿನ ಬಯಲು ರಸ್ತೆ ಸಿಕ್ಕಿ ವೇಗ ಏರಿದ್ದೇ ತಡ, ಜೀಪು ಜ್ವರ ಬಂದವರಂತೆ ನಡುಗಿತಂತೆ. ಸೀಟು ನಡುಗಿ, ಸ್ಟೇರಿಂಗು ನಡುಗಿ, ಅಮ್ಮನವರ ಮಡಿಲಲ್ಲಿದ್ದ ಉಂಡೆ ಡಬ್ಬಿಯ ಮುಚ್ಚಳ ಹಾರಿಹೋಯಿತಂತೆ. ವಾಪಸು ಬರುವಾಗ ಆ ತಾಯಿ ಬಸ್ಸು ಹತ್ತಿದರು.

ಸಾಹುಕಾರರು ಸೀದಾ ಶೆಡ್ಡಿಗೆ ಬಂದು ಜೀಪು ನಿಲ್ಲಿಸಿದರು. "ಮುಟ್ಟಿದೋರು ಯಾರು ಇದನ್ನ?" ಅಂದರು. ಮೇಸ್ತ್ರಿ ಜೀಪಿನ ಅಡಿ ಬಗ್ಗಿಯೂ ನೋಡಲಿಲ್ಲ. ನನ್ನ ಕಡೆ ಬೆರಳು ಮಾಡಿ ಕೈಗುಣದ ಮಾತು ಆಡಿದ್ದು ಆಗಲೇ. ಸಾಹುಕಾರರು ಹೌದು ಅಂತಲೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಆ ಮಾತು ನನಗಿಂತ ಜೋರಾಗಿ ಓಡಿತು. ಹೊನ್ನಾಳಿಯ ಬೇರೆ ಶೆಡ್ಡಿನವರು ನನ್ನನ್ನು ಸೇರಿಸಲಿಲ್ಲ. ಗೋವಿನಕೋವಿಗೆ ಹೋದರೆ ಅಲ್ಲಿಯ ಟ್ರ್ಯಾಕ್ಟರಿನವನೊಬ್ಬ, "ನೀನು ಆ ಮೇಸ್ತ್ರಿ ಬಿಡಿಸಿದೋನಲ್ವಾ? ಬ್ಯಾಡ ಬಿಡಪ್ಪಾ, ಬಿತ್ತನೆ ಕಾಲ," ಅಂದು ಬಾನೆಟ್ಟು ಮುಚ್ಚಿಕೊಂಡ. ಚನ್ನಗಿರಿಗೆ ಬಂದೆ. ಬಸ್ ಸ್ಟ್ಯಾಂಡಿನಾಚೆ ತಗಡಿನ ಶೆಡ್ಡು ಹಾಕಿ, ಯಾರೂ ಮುಟ್ಟಲೊಲ್ಲದ ಗಾಡಿಗಳನ್ನು ಹಿಡಿದುಕೊಂಡು ವರ್ಷಗಟ್ಟಲೆ ದುಡಿದೆ. ಹೆಸರೂ ಬಂತು. ಆದರೂ ಹೊನ್ನಾಳಿ ದಾರಿಯ ಗಾಡಿ ಒಂದೂ ನನ್ನ ಬಾಗಿಲಿಗೆ ತಿರುಗುತ್ತಿರಲಿಲ್ಲ. ಅದೊಂದು ನನಗೆ ನಿದ್ದೆ ಕೊಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅದೇ ಜೀಪು ಬಂದು ನಿಂತಿತು. ಸಾಹುಕಾರರೇ ಓಡಿಸಿಕೊಂಡು ಬಂದಿದ್ದರು. ಕೂದಲು ನರೆತಿತ್ತು.

"ಏನ್ ತಮ್ಮಾ, ಗುರುತು ಐತೇನು?" ಅಂದರು.

"ಜೀಪಿನ ಗುರುತು ಐತೆ," ಅಂದೆ.

ಅವರು ನಕ್ಕಂತೆ ಮಾಡಿದರು. ಮೇಸ್ತ್ರಿ ಇಷ್ಟು ವರ್ಷವೂ ಆ ನಡುಕಕ್ಕೆ ಒಂದೊಂದು ಹೆಸರಿಟ್ಟು ಒಂದೊಂದು ಸಾಮಾನು ಬದಲಿಸಿದ್ದ. ಕ್ರಾಸ್, ಟೈರು, ಇಂಜಿನ್ ಕೂರಿಸುವ ರಬ್ಬರು. ನಡುಕ ಹಾಗೇ ಇತ್ತು. ಸಾಹುಕಾರರು ನಿಧಾನ ಓಡಿಸುವುದನ್ನೇ ಅಭ್ಯಾಸ ಮಾಡಿಕೊಂಡಿದ್ದರು. ಈಗ ಆ ನಡುಕಕ್ಕೆ ಗೇರ್ ಬಾಕ್ಸಿನ ಹಿಂದಿನ ಸೀಲು ಮತ್ತೆ ಮತ್ತೆ ಕಿತ್ತುಹೋಗಿ ಆಯಿಲ್ ಸುರಿಯುತ್ತಿತ್ತು. "ಅವನ ಕೈಲಾಗಲ್ಲ ಅಂತ ಗೊತ್ತಾತು. ನೀ ನೋಡು," ಅಂದರು.

ನಾನು ಕೆಲಸಕ್ಕೆ ಬಿದ್ದೆ. ಜೀಪು ನೆಟ್ಟಗಾಗಲಿ ಅಂತಲ್ಲ. ನನ್ನ ಹೆಸರು ಕೆಡಿಸಿದ ಆ ನಡುಕದ ಹುಟ್ಟು ಎಲ್ಲಿ ಅಂತ ಹಿಡಿಯಬೇಕಿತ್ತು.

ಹಳೆ ಜೀಪೆಂದರೆ ಸದ್ದಿನ ಸಂತೆ. ಸಣ್ಣ ಸದ್ದು ಬಾಯಿ ಮುಚ್ಚದೆ ದೊಡ್ಡ ಸದ್ದು ಕೇಳಿಸುವುದಿಲ್ಲ. ಹಿಂಬಾಗಿಲ ಸರಪಳಿಗೆ ಸೈಕಲ್ ಟ್ಯೂಬು ಸುತ್ತಿದೆ. ಬಾನೆಟ್ಟಿನ ಕೊಂಡಿಗೆ ರಬ್ಬರ್ ಕೊಟ್ಟೆ. ಬ್ಯಾಟರಿ ತನ್ನ ಗೂಡಿನಲ್ಲಿ ಕುಣಿಯುತ್ತಿತ್ತು, ಬಿಗಿದೆ. ಸೀಟಿನಡಿ ಜಾಕಿ ಲೊಟಗುಡುತ್ತಿತ್ತು, ಗೋಣಿಚೀಲದಲ್ಲಿ ಸುತ್ತಿದೆ. ಸೈಲೆನ್ಸರಿನ ಪಟ್ಟಿ ಮುರಿದು ಚಾಸಿಗೆ ಬಡಿಯುತ್ತಿತ್ತು, ಬೇರೆ ಹಾಕಿದೆ. ಸಾಹುಕಾರರು ಬೀಡಿ ಸೇದುತ್ತಾ, "ಜೀಪು ಮೂಕಾತಲ್ಲೋ," ಅಂದರು.

"ಇನ್ನೂ ಒಂದು ನಾಲಿಗೆ ಐತೆ, ತಡೀರಿ," ಅಂದೆ.

ಊರಾಚೆಯ ನೇರ ರಸ್ತೆಗೆ ಒಯ್ದೆ. ವೇಗ ಏರುತ್ತಿದ್ದಂತೆ ಹಿಂದಿನಿಂದ ನಡುಕ ಎದ್ದಿತು. ಗೇರು ತೆಗೆದು ಇಂಜಿನ್ ಆಫ್ ಮಾಡಿ ಹಾಗೇ ಉರುಳಲು ಬಿಟ್ಟೆ. ನಡುಕ ಹೋಗಲಿಲ್ಲ. ಹಾಗಾದರೆ ಇಂಜಿನ್ನಿನದಲ್ಲ. ಶೆಡ್ಡಿಗೆ ಬಂದು ಹಿಂದಿನ ಶಾಫ್ಟನ್ನು ಪೂರಾ ಬಿಚ್ಚಿ ಕೆಳಗಿಟ್ಟೆ.

"ಅದು ಇಲ್ದೆ ಹೆಂಗೆ ಓಡ್ತೈತೆ?" ಸಾಹುಕಾರರು ಎದ್ದು ಬಂದರು.

"ಮುಂದಿನ ಚಕ್ರಕ್ಕೂ ಎಳೆತ ಐತಲ್ರೀ. ಹತ್ರಿ."

ಫ್ರಂಟ್ ಗೇರ್ ಹಾಕಿ ಮುಂದಿನ ಚಕ್ರದ ಎಳೆತದ ಮೇಲೇ ಅದೇ ರಸ್ತೆಯಲ್ಲಿ ಅದೇ ವೇಗಕ್ಕೆ ಬಿಟ್ಟೆ. ನಡುಕವಿಲ್ಲ. ಹಿಂದಿನ ಚಕ್ರಗಳು ತಿರುಗುತ್ತಲೇ ಇದ್ದವು, ಟೈರು ಅವೇ, ಇಲ್ಲದ್ದು ಶಾಫ್ಟು ಮಾತ್ರ. ಪಕ್ಕದಲ್ಲಿ ಸಾಹುಕಾರರು ಎರಡೂ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಆದರೆ ಶಾಫ್ಟು ಬಾಗಿರಲಿಲ್ಲ, ಕ್ರಾಸ್ ಹೊಸದು. ತಲೆ ಕೆರೆದುಕೊಂಡು ಜೀಪಿನ ಅಡಿ ಮಲಗಿ ಮುಂದಿನ ಶಾಫ್ಟನ್ನು ನೋಡಿದೆ. ಅದರ ಸುತ್ತ ಆಯಿಲು, ಮಣ್ಣು ಗಟ್ಟಿ ಕಟ್ಟಿತ್ತು. ಮೇಸ್ತ್ರಿಯ ಬ್ರಷ್ಷು ಅಲ್ಲಿ ತಲುಪಿರಲಿಲ್ಲ. ಮಣ್ಣು ಕೆತ್ತಿದರೆ ಕೊಳವೆಯ ಮೈಗೆ ಬೆರಳಗಲದ ತಗಡಿನ ತುಂಡೊಂದು ವೆಲ್ಡ್ ಆಗಿ ಅಂಟಿಕೊಂಡಿತ್ತು. ಶಾಫ್ಟು ತಯಾರಿಸುವಾಗ ತಿರುಗಿಸಿ ನೋಡಿ, ಯಾವ ಮಗ್ಗುಲು ಹಗುರವೋ ಅಲ್ಲಿ ಅಂಥ ತುಂಡು ಕೂರಿಸಿ ತೂಕ ಸಮ ಮಾಡಿರುತ್ತಾರೆ. ಹಿಂದಿನ ಶಾಫ್ಟಿನಲ್ಲಿ ಆ ತುಂಡು ಇರಲಿಲ್ಲ.

ಬ್ಲೇಡು ಹಿಡಿದು ಬಣ್ಣ ಹೆರೆದೆ. ಒಂದು ಹಬ್ಬದ ಕೆಳಗೆ ಇನ್ನೊಂದು ಹಬ್ಬ, ಅದರ ಕೆಳಗೆ ಮತ್ತೊಂದು. ಎಲ್ಲಕ್ಕಿಂತ ಅಡಿಯ ಬೆಳ್ಳಿ ಬಣ್ಣ ಎದ್ದಾಗ ಉಳಿಯ ಗಾಯ ಕಂಡಿತು. ತುಂಡನ್ನು ಉಳಿಯಿಟ್ಟು ಹೊಡೆದು ಹಾರಿಸಿದ್ದರು. ಆ ಗಾಯಕ್ಕೆ ತುಕ್ಕಿನ ಚುಕ್ಕೆಯೂ ಇರಲಿಲ್ಲ, ಥಳಥಳ ಹೊಳೆಯುತ್ತಿತ್ತು. ಹೊಡೆದ ಕೂಡಲೇ ಬಣ್ಣ ಬಳಿದಿದ್ದರೆ ಮಾತ್ರ ಕಬ್ಬಿಣ ಹಾಗಿರುತ್ತದೆ. ಅವತ್ತು ಉಳಿ ಹಿಡಿದ ಕೈಯೂ ಬ್ರಷ್ಷು ಹಿಡಿದ ಕೈಯೂ ಒಂದೇ.

ಸಾಹುಕಾರರಿಗೆ ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. ನಾನು ಶಾಫ್ಟು ಮತ್ತೆ ಜೋಡಿಸಿ, ರೇಡಿಯೇಟರ್ ಪೈಪಿಗೆ ಹಾಕುವ ಕ್ಲಿಪ್ಪೊಂದನ್ನು ಕಳೆದ ತುಂಡಿನ ತೂಕಕ್ಕೆ ಬದಲಾಗಿ ಗಾಯದ ಹತ್ತಿರ ಬಿಗಿದೆ. ಓಡಿಸುವುದು, ಕ್ಲಿಪ್ಪನ್ನು ಸ್ವಲ್ಪ ತಿರುಗಿಸುವುದು, ಮತ್ತೆ ಓಡಿಸುವುದು. ಕೊನೆಗೊಂದು ಜಾಗದಲ್ಲಿ ಜೀಪು ತಣ್ಣಗಾಯಿತು. ಅಲ್ಲಿ ಗುರುತು ಹಾಕಿದೆ.

"ಇನ್ನೇನು, ತುಂಡು ವೆಲ್ಡ್ ಮಾಡಿಬಿಡು," ಅಂದರು.

"ಇಲ್ಲಿ ಮಾಡಲ್ಲ. ಹೊನ್ನಾಳಿ ಶೆಡ್ಡಿನಾಗೆ ಮಾಡ್ತೀನಿ. ಆಯುಧಪೂಜೆ ದಿವ್ಸ, ಗಾಡಿಗಳೆಲ್ಲ ಬಂದಾಗ."

"ಯಾಕೆ ತಮ್ಮಾ ಅದು? ಕೆಲ್ಸ ಆತಲ್ಲ."

"ಇಲ್ಲಿ ಮಾಡಿದ್ರೆ ನಿಮ್ಮ ಜೀಪು ರಿಪೇರಿ ಆಗ್ತೈತೆ. ನನ್ನ ಕೈ ರಿಪೇರಿ ಆಗಲ್ಲ. ಅವತ್ತು ಅವ ಅಂದಾಗ ನೀವೂ ಅಲ್ಲೇ ನಿಂತಿದ್ರಿ."

ಅವರು ತಲೆ ತಗ್ಗಿಸಿ ಸ್ಟೇರಿಂಗನ್ನು ಉಜ್ಜುತ್ತಾ ಕೂತರು. ಆಮೇಲೆ, "ಆಗ್ಲಿ, ನಾನೇ ಕರ್ಕೊಂಡು ಹೋಗ್ತೀನಿ," ಅಂದರು.

ಹಬ್ಬದ ಬೆಳಿಗ್ಗೆ ಹೊನ್ನಾಳಿಯ ಶೆಡ್ಡಿನ ಮುಂದೆ ತೊಳೆದ ಗಾಡಿಗಳು ಸಾಲಾಗಿ ನಿಂತಿದ್ದವು. ಹೊಳೆಯಲ್ಲಿ ತೊಳೆದ ಲಾರಿಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮೇಸ್ತ್ರಿ ಬಿಳಿ ಪಂಚೆ ಉಟ್ಟು ಕುಂಕುಮದ ತಟ್ಟೆ ಸಿದ್ಧ ಮಾಡುತ್ತಿದ್ದ. ಪ್ರತಿ ಗಾಡಿಗೂ ಮೊದಲ ಕುಂಕುಮ ಅವನದೇ. ಅವನ ಕೈ ಒಳ್ಳೇದು ಅಂತ ಜನ ಕಾಯುತ್ತಿದ್ದರು. ನನ್ನನ್ನು ಕಂಡ.

"ಏನಪಾ ಉಬ್ರಾಣಿ, ದಾರಿ ತಪ್ಪಿ ಬಂದಂಗೈತೆ."

"ದಾರಿ ಸರಿ ಐತೆ ಮೇಸ್ತ್ರಿ. ನಿಮ್ಮ ವೆಲ್ಡಿಂಗ್ ಸೆಟ್ಟು ಬೇಕಿತ್ತು."

"ಚನ್ನಗಿರ್ಯಾಗೆ ಕರೆಂಟ್ ಇಲ್ಲೇನು?"

"ಕರೆಂಟ್ ಐತೆ. ಇಷ್ಟು ಜನ ಇಲ್ಲ."

"ಪೂಜೆಗೆ ಇಟ್ಟಿರೋದು ಮುಟ್ಟಂಗಿಲ್ಲ."

"ಇನ್ನೂ ಕುಂಕುಮ ಬಿದ್ದಿಲ್ಲ ಬಿಡ್ರಿ."

ಸಾಹುಕಾರರು ನಡುವೆ ಬಂದು, "ಮೇಸ್ತ್ರಿ, ಒಂದು ರೌಂಡು ಹೋಗಿ ಬರಾನ ಹತ್ರಿ," ಅಂದರು. ಸಾಹುಕಾರರ ಮಾತು, ಹತ್ತದೆ ವಿಧಿಯಿಲ್ಲ. ಕೆಂಪು ಲಾರಿಯ ಯಜಮಾನನೊಬ್ಬ ಕುತೂಹಲಕ್ಕೆ ತಾನೂ ಹತ್ತಿದ. ನಾನು ಜೀಪಿನಡಿ ತೂರಿ ಕ್ಲಿಪ್ಪು ತೆಗೆದುಬಿಟ್ಟೆ. ನ್ಯಾಮತಿಯ ಹೊಸ ಡಾಂಬರು ರಸ್ತೆಯಲ್ಲಿ ಅವರು ಹೋಗಿ ಬಂದಾಗ ಮೇಸ್ತ್ರಿಯ ಕನ್ನಡಕ ಮೂಗಿನ ತುದಿಗೆ ಇಳಿದಿತ್ತು.

"ಇನ್ನೂ ಹಂಗೇ ಐತಲ್ಲ. ನೀನು ರಿಪೇರಿ ಮಾಡಿದ್ದು ಇದೇ ಏನು?" ಅಂದ.

ನಾನು ಮತ್ತೆ ಜೀಪಿನಡಿ ತೂರಿದೆ. ಕ್ಲಿಪ್ಪನ್ನು ಗುರುತಿನ ಜಾಗಕ್ಕೆ ಬಿಗಿದು, "ಇನ್ನೊಂದು ಸಲ ಹೋಗಿ ಬರ್ರಿ," ಅಂದೆ. ತಿರುಗಿ ಬಂದಾಗ ಲಾರಿ ಯಜಮಾನ ಇಳಿಯುತ್ತಲೇ, "ತೊಟ್ಟಿಲು ಇದ್ದಂಗೈತಲ್ರಪಾ," ಅಂದ. ಜನ ಸೇರಿದರು. ನಾನು ಶಾಫ್ಟು ಬಿಚ್ಚಿ ಎಲ್ಲರ ನಡುವೆ ಚಾಪೆಯ ಮೇಲಿಟ್ಟೆ. ಉಳಿಯ ಗಾಯ ತೋರಿಸಿದೆ, ಬಣ್ಣದ ಪದರು ತೋರಿಸಿದೆ, ತುಂಡು ಯಾಕೆ ಇರುತ್ತದೆ ಅಂತ ಹೇಳಿದೆ.

"ಅಡಿಯ ಬಣ್ಣ ಯಾರದು ಮೇಸ್ತ್ರಿ?"

ಅವನು ಕುಂಕುಮದ ತಟ್ಟೆಯ ಕಡೆ ತಿರುಗಿದ. ಉತ್ತರ ಕೊಟ್ಟವನು ಲಾರಿ ಯಜಮಾನ. "ಹಬ್ಬದ ಬಣ್ಣ ಅವ್ರದೇ. ಬ್ರಷ್ಷು ಮುಟ್ಟಿದ್ರೆ ಕೈ ಮುರೀತಾರೆ."

ಮೇಸ್ತ್ರಿ ಪಂಚೆಯ ಅಂಚು ಸರಿಮಾಡಿಕೊಂಡ. "ಗಂಟು ಅನ್ಕಂಡೆ. ಯಾರೋ ಅಡ್ಡಾದಿಡ್ಡಿ ವೆಲ್ಡ್ ಮಾಡಿ ಬಿಟ್ಟಾರೆ, ಪೂಜೆಗೆ ನುಣ್ಣಗೆ ಕಾಣ್ಲಿ ಅಂತ ತೆಗೆದೆ. ಆತು, ತಪ್ಪಾತು."

"ತಪ್ಪಾತು ಅನ್ನಿಸ್ಕೊಳ್ಳಾಕೆ ಬಂದಿಲ್ಲ ನಾನು. ನನ್ನ ಕೈ ಬಗ್ಗೆ ಗಟ್ಟಿಯಾಗಿ ಅಂದಿದ್ರಿ. ಅಷ್ಟೇ ಗಟ್ಟಿಯಾಗಿ ಈಗ ಅನ್ರಿ."

"ನಿನ್ನ ಕೈ ಸರಿ ಐತೆ," ಅಂದ.

"ಹಿಂದೆ ನಿಂತೋರಿಗೆ ಕೇಳಿಲ್ಲ."

ಮತ್ತೆ ಅಂದ. ಈ ಸಲ ಎಲ್ಲರಿಗೂ ಕೇಳಿತು. ನಾನು ಅವನದೇ ಸೆಟ್ಟಿನಲ್ಲಿ, ಅವನದೇ ಶೆಡ್ಡಿನಲ್ಲಿ ತಗಡಿನ ತುಂಡನ್ನು ವೆಲ್ಡ್ ಮಾಡಿದೆ. ಅವಸರ ಮಾಡಲಿಲ್ಲ.

ಅಷ್ಟಕ್ಕೇ ಮುಗಿಸಬೇಕು ಅಂತ ಬಂದಿದ್ದೆ. ಮುಂದಿನದು ನಾನು ಲೆಕ್ಕ ಹಾಕಿದ್ದಲ್ಲ. ಪೂಜೆಗೆ ಹೊತ್ತಾಗಿ ಮೇಸ್ತ್ರಿ ತಟ್ಟೆ ಹಿಡಿದು ಕೆಂಪು ಲಾರಿಯ ಮುಂದೆ ನಿಂತ. ಯಜಮಾನ ಮೆಲ್ಲಗೆ ಅಡ್ಡ ಬಂದು, "ಇರ್ಲಿ ಮೇಸ್ತ್ರಿ, ಈ ಸಲ ನಾನೇ ಹಚ್ಕಂತೀನಿ," ಅಂದು ತಟ್ಟೆಯಿಂದ ಕುಂಕುಮ ತೆಗೆದುಕೊಂಡ. ಪಕ್ಕದ ಟ್ರ್ಯಾಕ್ಟರಿನವನು ಅದನ್ನು ನೋಡಿ ತಾನೂ ಕೈ ಚಾಚಿದ. ಯಾರೂ ಕೆಟ್ಟ ಮಾತಾಡಲಿಲ್ಲ. ಸಾಲಿನ ಕೊನೆ ಮುಟ್ಟುವ ತನಕ ಮೇಸ್ತ್ರಿ ತಟ್ಟೆ ಹಿಡಿದುಕೊಂಡು ಹೋದ, ಅವರವರ ಕುಂಕುಮ ಅವರವರೇ ಹಚ್ಚಿಕೊಂಡರು. ನಾನು ಸ್ಪ್ಯಾನರ್ ಒರೆಸುತ್ತಾ ಪೂರಾ ನೋಡಿದೆ. ಒಳಗೆ ತಂಪಾಯಿತು. ಸುಳ್ಳು ಯಾಕೆ ಹೇಳಲಿ.

ವಾಪಸು ಬರುವಾಗ ಜೀಪಿನಲ್ಲಿ ಸದ್ದೇ ಇರಲಿಲ್ಲ. ಸಾಹುಕಾರರು ಅಭ್ಯಾಸದಂತೆ ನಿಧಾನವಾಗಿಯೇ ಓಡಿಸುತ್ತಿದ್ದರು.

"ಮೇಸ್ತ್ರಿ ಮುದುಕ ಆಗ್ಯಾನೆ ಕಣೋ. ಅವ ತಪ್ಪಾತು ಅಂದಾಗ್ಲೇ ಸಾಕಿತ್ತೇನೋ," ಅಂದರು.

"ನನ್ನನ್ನ ಅಂದಾಗ ನಾನು ಹುಡುಗ ಆಗಿದ್ದೆ. ಆಗ ಯಾರೂ ಸಾಕು ಅನ್ನಲಿಲ್ಲ. ಜೋರಾಗಿ ಹೋಗ್ರಿ, ರಸ್ತೆ ಚೆನ್ನಾಗೈತೆ."

ಹಬ್ಬ ಕಳೆದ ಮೇಲೆ ಹೊನ್ನಾಳಿಯ ಆ ಕೆಂಪು ಲಾರಿ ನನ್ನ ಶೆಡ್ಡಿನ ಮುಂದೆ ಬಂದು ಹಾರನ್ ಹಾಕಿತು. ಯಜಮಾನ ತಲೆ ಹೊರಗೆ ಹಾಕಿ, "ಮೇಸ್ತ್ರಿ ಇದ್ದಾರೇನ್ರಿ?" ಅಂದ.

"ನಾನೇ," ಅಂದೆ. "ಒಳಗೆ ತಗೊಳ್ರಿ."